ಬಾವ್‌ಫೆಂಗ್ ಯುವಿ-5ಆರ್: ಕಿವಿ ಚುರುಕು, ಬಾಯಿ ಮೊಂಡು

ಹವ್ಯಾಸಿ ರೇಡಿಯೊ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ವಿಯು3 ಎಂದು ಆರಂಭವಾಗುವ ಕರೆಸಂಕೇತ ಕೈಸೇರಿದ ಮೇಲೆ ಎಷ್ಟೋ ಹೊಸಬರು ಮೊದಲು ಕೊಳ್ಳುವ ಸೆಟ್ಟು ಚೀನಾದ ಬಾವ್‌ಫೆಂಗ್ ಕಂಪನಿಯ ಯುವಿ-5ಆರ್. 2012ರ ಸುಮಾರಿಗೆ ಮಾರುಕಟ್ಟೆಗೆ ಬಂದ ಈ ಕೈರೇಡಿಯೊ, ಜಪಾನಿನ ಹೆಸರಾಂತ ಕಂಪನಿಗಳ ಸೆಟ್ಟುಗಳ ಬೆಲೆಯ ಸಣ್ಣದೊಂದು ಪಾಲಿಗೆ ವಿಎಚ್ಎಫ್ ಮತ್ತು ಯುಎಚ್ಎಫ್ ಎಂಬ ಎರಡು ಆವರ್ತನ ಪಟ್ಟಿಗಳನ್ನೂ ಕೊಟ್ಟು, ಹವ್ಯಾಸದ ಬಾಗಿಲನ್ನು ವಿದ್ಯಾರ್ಥಿಗಳಿಗೂ ತೆರೆದಿಟ್ಟಿತು. ಅದರ ಗ್ರಹಣಶಕ್ತಿಯ ಬಗ್ಗೆ ಹೊಸಬರಿಂದ ದೂರು ಬರುವುದು ಕಡಿಮೆ. ದೂರೆಲ್ಲ ಒಂದೇ ಬಗೆಯದು: ‘ಎಲ್ಲರ ಮಾತೂ ಕೇಳಿಸುತ್ತದೆ, ನನ್ನ ಮಾತು ಮಾತ್ರ ಯಾರಿಗೂ ಮುಟ್ಟುತ್ತಿಲ್ಲ.’ ಈ ವಿಮರ್ಶೆಯನ್ನು ಆ ಒಂದು ದೂರಿನ ಸುತ್ತಲೇ ಬರೆಯುತ್ತಿದ್ದೇನೆ. ಏಕೆಂದರೆ ಈ ಸೆಟ್ಟಿನ ಗುಣವೂ ದೋಷವೂ ಅದರ ಪ್ರಸಾರದ ವರ್ತನೆಯಲ್ಲಿ ಬಯಲಾಗುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಬಯಲಾಗುವುದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಸಾರವಾಗುತ್ತಿಲ್ಲ ಎಂದು ಪಕ್ಕಕ್ಕಿಟ್ಟ ಯುವಿ-5ಆರ್ ಸೆಟ್ಟುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಯಾವುದೋ ಒಂದು ಮೆನು ತಪ್ಪಾಗಿರುತ್ತದೆ. ಆವರ್ತನವೊಂದು ಸರಿಯಿದ್ದರೆ ಕೇಳುವುದಕ್ಕೆ ಸಾಕು. ಮಾತಾಡುವುದಕ್ಕೆ ಆವರ್ತನದ ಜೊತೆಗೆ ಶಿಫ್ಟಿನ ದಿಕ್ಕು (ಹೇಳುವ ಆವರ್ತನ ಕೇಳುವುದಕ್ಕಿಂತ ಮೇಲೋ ಕೆಳಗೋ), ಆಫ್‌ಸೆಟ್ (ಅವೆರಡರ ಅಂತರ), ಟೋನ್ (ಮಾತಿನ ಜೊತೆ ಹೋಗುವ ಗುರುತಿನ ನಾದ), ಬ್ಯಾಟರಿ, ಆಂಟೆನಾ, ಮೈಕು, ಎಲ್ಲವೂ ಏಕಕಾಲಕ್ಕೆ ಸರಿಯಿರಬೇಕು. ಒಂದು ತಪ್ಪಿದರೂ ಸೆಟ್ಟು ಯಾವ ಎಚ್ಚರಿಕೆಯನ್ನೂ ಕೊಡದೆ ಕೆಂಪು ದೀಪ ಉರಿಸಿಕೊಂಡು ಸುಮ್ಮನಿರುತ್ತದೆ. ನಲವತ್ತಕ್ಕೂ ಹೆಚ್ಚು ಮೆನುಗಳಿರುವ ಯಂತ್ರದ ಜೊತೆಗೆ ಬರುವ ಕೈಪಿಡಿ ಇದರಲ್ಲಿ ಯಾವುದನ್ನೂ ಹೊಸಬರಿಗೆ ಅರ್ಥವಾಗುವಂತೆ ವಿವರಿಸುವುದಿಲ್ಲ. ಪೆಟ್ಟಿಗೆಯಲ್ಲಿ ಬರುವ ವಸ್ತುಗಳ ಪೈಕಿ ಅತ್ಯಂತ ಕಳಪೆಯಾದದ್ದು ಈ ಕೈಪಿಡಿಯೇ.

ತಾಂತ್ರಿಕ ವಿವರಗಳನ್ನು ಚುಟುಕಾಗಿ ನೋಡೋಣ. ವಿಎಚ್ಎಫ್‌ನಲ್ಲಿ 136ರಿಂದ 174 ಮೆಗಾಹರ್ಟ್ಸ್, ಯುಎಚ್ಎಫ್‌ನಲ್ಲಿ 400 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ, ಹೆಚ್ಚಿನ ಶಕ್ತಿ 4 ವಾಟ್, ಕಡಿಮೆ ಶಕ್ತಿ 1 ವಾಟ್, 128 ಮೆಮೊರಿ ಚಾನೆಲ್‌ಗಳು, 7.4 ವೋಲ್ಟಿನ ಲಿಥಿಯಂ-ಅಯಾನ್ ಬ್ಯಾಟರಿ. ಭಾರತದ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ, ಇದರಲ್ಲಿ ಬಳಕೆಗೆ ಬರುವುದು 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್ ಮಾತ್ರ. ಉಳಿದ ವಿಶಾಲ ಪಟ್ಟಿಯಲ್ಲಿ ಪೊಲೀಸ್ ಮುಂತಾದ ಇಲಾಖೆಗಳೂ ಖಾಸಗಿ ಸಂಸ್ಥೆಗಳೂ ಇರುತ್ತವೆ, ಮತ್ತು ಈ ಸೆಟ್ಟು ಅಲ್ಲಿಯೂ ನಿರಾತಂಕವಾಗಿ ಪ್ರಸಾರ ಮಾಡುತ್ತದೆ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಪರವಾನಗಿ ಇಲ್ಲದವರು ಇದನ್ನು ಕೊಳ್ಳಬಾರದೆಂಬುದು ಬರಿಯ ಶಿಷ್ಟಾಚಾರವಲ್ಲ, ಕಾನೂನು. ವಾಕಿ-ಟಾಕಿಗಳಂಥ ರೇಡಿಯೊ ಉಪಕರಣಗಳನ್ನು ಅಗತ್ಯ ಅನುಮತಿ ಮತ್ತು ವಿವರಗಳಿಲ್ಲದೆ ಮಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಇನ್ನು ಪ್ರಸಾರದ ವಿಚಾರ. ಮಾತಾಡಲು ಒತ್ತುವ ಪಿಟಿಟಿ ಗುಂಡಿಯನ್ನು ಒತ್ತಿದಾಗ ಸಣ್ಣ ದೀಪ ಕೆಂಪಾಗುತ್ತದೆಯೇ ಇಲ್ಲವೇ ಎಂಬುದರಿಂದಲೇ ಪರೀಕ್ಷೆ ಆರಂಭವಾಗಬೇಕು. ಆ ಒಂದು ಉತ್ತರ ಸಮಸ್ಯೆಯನ್ನು ಎರಡು ಹೋಳು ಮಾಡುತ್ತದೆ. ಕೆಂಪು ದೀಪವೇ ಬಾರದಿದ್ದರೆ ಸೆಟ್ಟು ಪ್ರಸಾರಕ್ಕೆ ಒಪ್ಪುತ್ತಿಲ್ಲ ಎಂದರ್ಥ. ಇದಕ್ಕೆ ತೀರ ಸಾಮಾನ್ಯವಾದ ಕಾರಣ ಬ್ಯಾಟರಿ. ಕೇಳುವಾಗ ಸೆಟ್ಟು ಎಳೆಯುವ ವಿದ್ಯುತ್ತು ಅತ್ಯಲ್ಪ. ಪ್ರಸಾರದಲ್ಲಿ ಅದು ಒಂದು ಆಂಪಿಯರನ್ನೂ ದಾಟುತ್ತದೆ. ಹಳೆಯ ಬ್ಯಾಟರಿಯೊಂದು ಗಂಟೆಗಟ್ಟಲೆ ಕೇಳಿಸಿ, ಪಿಟಿಟಿ ಒತ್ತಿದ ಕ್ಷಣ ಕುಸಿದು, ಸೆಟ್ಟನ್ನೇ ಆರಿಸಿ ಮತ್ತೆ ಹೊತ್ತಿಸುವುದುಂಟು. ಪರದೆಯ ಮೇಲಿನ ಬ್ಯಾಟರಿ ಚಿತ್ರವನ್ನು ನಂಬಬಾರದು. ಹಲವು ಫರ್ಮ್‌ವೇರ್ ಆವೃತ್ತಿಗಳಲ್ಲಿ ಸೊನ್ನೆಯ ಕೀಲಿಯನ್ನು ಒತ್ತಿ ಹಿಡಿದರೆ ವೋಲ್ಟೇಜ್ ಅಂಕಿಯಲ್ಲೇ ಕಾಣುತ್ತದೆ. ತುಂಬಿದ ಬ್ಯಾಟರಿ 8.4 ವೋಲ್ಟಿನ ಆಸುಪಾಸಿನಲ್ಲಿರಬೇಕು. ಬ್ಯಾಟರಿಯ ಹಿಂಬದಿಯ ಲೋಹದ ಸ್ಪರ್ಶಬಿಂದುಗಳನ್ನು ಒಣ ಬಟ್ಟೆಯಿಂದ ಒರೆಸುವುದು ಸಣ್ಣ ಕೆಲಸ, ಆದರೆ ಕರಾವಳಿಯ ಉಪ್ಪುಗಾಳಿಯಲ್ಲಿ ಇಟ್ಟ ಸೆಟ್ಟಿಗೆ ಅಷ್ಟರಿಂದಲೇ ಜೀವ ಬರಬಹುದು.

ಬ್ಯಾಟರಿ ಸರಿಯಿದ್ದೂ ದೀಪ ಕೆಂಪಾಗದಿದ್ದರೆ 23ನೆಯ ಮೆನು ಬಿಸಿಎಲ್ ನೋಡಬೇಕು. ಚಾನೆಲ್‌ನಲ್ಲಿ ಬೇರೆಯವರು ಮಾತಾಡುತ್ತಿರುವಾಗ ನಮ್ಮ ಪ್ರಸಾರವನ್ನು ತಡೆಹಿಡಿಯುವ ಸೌಜನ್ಯದ ವ್ಯವಸ್ಥೆ ಅದು. ಆದರೆ ಮನೆಯ ಯುಪಿಎಸ್ಸೋ ಅಗ್ಗದ ಎಲ್‌ಇಡಿ ಬಲ್ಬೋ ಎಬ್ಬಿಸುವ ಗದ್ದಲಕ್ಕೆ, ಸಂಕೇತವಿಲ್ಲದಾಗ ಸ್ಪೀಕರನ್ನು ಮುಚ್ಚಿಡುವ ಸ್ಕ್ವೆಲ್ಚ್ ತೆರೆದುಕೊಂಡರೆ ಸೆಟ್ಟು ಅದನ್ನೂ ಮಾತೆಂದೇ ಬಗೆದು ಬಾಯಿ ಮುಚ್ಚಿಕೊಳ್ಳುತ್ತದೆ. ಹೊಸಬರು ಇದನ್ನು ಆಫ್ ಮಾಡಿ, ಕಿವಿಯಿಂದಲೇ ಕೇಳಿ ತೀರ್ಮಾನಿಸುವುದು ಲೇಸು. ಮತ್ತೊಂದು ಸಾಧ್ಯತೆ ಕಂಪ್ಯೂಟರಿನಿಂದ ತುಂಬಿಸಿದ ಸೆಟ್ಟುಗಳದು. ಚರ್ಪ್ ಎಂಬ ಉಚಿತ ತಂತ್ರಾಂಶದಲ್ಲಿ ಚಾನೆಲ್‌ನ ಡ್ಯೂಪ್ಲೆಕ್ಸ್ ಅಂಕಣಕ್ಕೆ ‘ಆಫ್’ ಎಂದು ಕೊಟ್ಟರೆ ಆ ಚಾನೆಲ್ ಕೇಳುವುದಕ್ಕೆ ಮಾತ್ರ ಮೀಸಲಾಗುತ್ತದೆ. ಪ್ರಸಾರದ ಮೇಲಿನ ಮತ್ತು ಕೆಳಗಿನ ಮಿತಿಗಳನ್ನೂ ಅಲ್ಲೇ ಕಟ್ಟಬಹುದು. ಗೆಳೆಯರಿಂದ ಪಡೆದ ಕಡತವನ್ನು ಹಾಗೆಯೇ ತುಂಬಿಸಿಕೊಂಡವರಿಗೆ ಇದು ತಿಳಿದಿರುವುದಿಲ್ಲ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ: ಹವ್ಯಾಸಿ ಪಟ್ಟಿಯ ಹೊರಗೆ ಕೈತಪ್ಪಿ ಪ್ರಸಾರ ಮಾಡದಂತೆ ಬೇಲಿ ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಈ ಸೆಟ್ಟಿನಲ್ಲಿ ಇಲ್ಲ.

ದೀಪ ಕೆಂಪಾಗುತ್ತಿದೆ, ಆದರೂ ಯಾರಿಗೂ ಕೇಳುತ್ತಿಲ್ಲ ಎಂದಾದರೆ ರಿಪೀಟರನ್ನು, ಅಂದರೆ ನಮ್ಮ ಮಾತನ್ನು ಮರುಪ್ರಸಾರ ಮಾಡುವ ಕೇಂದ್ರವನ್ನು, ಸದ್ಯಕ್ಕೆ ಮರೆತು, ಸಿಂಪ್ಲೆಕ್ಸ್‌ನಲ್ಲಿ, ಅಂದರೆ ಒಂದೇ ಆವರ್ತನದಲ್ಲಿ ನೇರವಾಗಿ, ಇನ್ನೊಂದು ಸೆಟ್ಟಿನೊಡನೆ ಪರೀಕ್ಷಿಸಬೇಕು. ಶಿಫ್ಟ್ ಬೇಡ, ಟೋನ್ ಬೇಡ, ಶಕ್ತಿ ಕಡಿಮೆ ಇರಲಿ. ಎರಡೂ ಸೆಟ್ಟುಗಳನ್ನು ಒಂದೇ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡುವವರು ದಾರಿ ತಪ್ಪುತ್ತಾರೆ. ಅಷ್ಟು ಹತ್ತಿರದಲ್ಲಿ ಕೇಳುವ ಸೆಟ್ಟಿನ ಮುಂಭಾಗ ಅತಿಯಾದ ಸಂಕೇತದಿಂದ ಉಸಿರುಗಟ್ಟಿ ಏನೂ ಕೇಳಿಸದೆ ಹೋಗಬಹುದು, ಇಲ್ಲವೇ ತಪ್ಪು ಆವರ್ತನದಲ್ಲೂ ಕೇಳಿಸಿ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸಬಹುದು. ಒಬ್ಬರು ತಾರಸಿಯಲ್ಲಿ, ಇನ್ನೊಬ್ಬರು ಬೀದಿಯ ತುದಿಯಲ್ಲಿ ನಿಂತರೆ ಉತ್ತರ ನಂಬುವಂತಿರುತ್ತದೆ. ಇನ್ನೊಂದು ಸೆಟ್ಟು ಇಲ್ಲದವರು ಕಂಪ್ಯೂಟರಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ಅಗ್ಗದ ಡಾಂಗಲ್‌ನಲ್ಲಿ ತಮ್ಮ ಸಂಕೇತವನ್ನು ಕಣ್ಣಾರೆ ನೋಡಬಹುದು. ಯಾವ ಆವರ್ತನದಲ್ಲಿ ಹೊರಟಿತು, ಎಷ್ಟು ಅಗಲವಿತ್ತು ಎಂಬುದು ಅದರಲ್ಲಿ ಸ್ಪಷ್ಟವಾಗುತ್ತದೆ.

ಸಿಂಪ್ಲೆಕ್ಸ್‌ನಲ್ಲೂ ಮೌನವಿದ್ದರೆ ಅನುಮಾನ ಆಂಟೆನಾದ ಕಡೆ ತಿರುಗಬೇಕು. ಈ ಸೆಟ್ಟಿನ ತಲೆಯ ಮೇಲಿರುವುದು ಎಸ್‌ಎಂಎ ಎಂಬ ತಿರುಪಿನ ಗಂಡು ಜೋಡಣೆ, ಆದ್ದರಿಂದ ಆಂಟೆನಾದ ಬುಡದಲ್ಲಿ ಹೆಣ್ಣು ಜೋಡಣೆ ಇರಬೇಕು. ಜಪಾನಿನ ಬಹುತೇಕ ಸೆಟ್ಟುಗಳಲ್ಲಿ ಇದು ತಿರುವುಮುರುವು. ಹೊಂದದ ಆಂಟೆನಾದಲ್ಲಿ ನಡುವಿನ ಸೂಜಿ ಸರಿಯಾಗಿ ತಾಗುವುದಿಲ್ಲ. ಆಂಟೆನಾ ಇಲ್ಲದೆ ಪಿಟಿಟಿ ಒತ್ತುವ ಪ್ರಯೋಗವನ್ನಂತೂ ಯಾರೂ ಮಾಡಬಾರದು, ಹೊರಹೋಗದ ಶಕ್ತಿ ಹಿಂದಿರುಗಿ ಕೊನೆಯ ಹಂತದ ಟ್ರಾನ್ಸಿಸ್ಟರನ್ನು ಸುಡಬಹುದು. 50 ಓಮ್‌ನ ಡಮ್ಮಿ ಲೋಡ್ (ಆಂಟೆನಾದ ಬದಲು ಶಕ್ತಿಯನ್ನು ಹೀರುವ ಸಾಧನ) ಮತ್ತು ಪವರ್ ಮೀಟರ್ ಇರುವ ಹಿರಿಯ ಹ್ಯಾಮ್ ಒಬ್ಬರು ಪರಿಚಯವಿದ್ದರೆ ಸೆಟ್ಟು ನಿಜಕ್ಕೂ ಎಷ್ಟು ವಾಟ್ ಕೊಡುತ್ತಿದೆ ಎಂಬುದು ಒಂದು ಚಹಾ ಮುಗಿಯುವುದರೊಳಗೆ ತಿಳಿಯುತ್ತದೆ.

ಸಿಂಪ್ಲೆಕ್ಸ್‌ನಲ್ಲಿ ಚೆನ್ನಾಗಿ ಕೇಳಿಸಿ, ರಿಪೀಟರ್ ಮಾತ್ರ ತೆರೆಯದಿರುವುದೇ ಹೊಸಬರ ನಿಜವಾದ ಗೋಳು, ಮತ್ತು ಯುವಿ-5ಆರ್‌ನ ವಿನ್ಯಾಸ ಅವರನ್ನು ಅತ್ಯಂತ ಹೆಚ್ಚು ಸತಾಯಿಸುವುದೂ ಇಲ್ಲಿಯೇ. ರಿಪೀಟರ್ ಎತ್ತರದ ಜಾಗದಲ್ಲಿ ಕುಳಿತು ಒಂದು ಆವರ್ತನದಲ್ಲಿ ಕೇಳಿ, ಇನ್ನೊಂದರಲ್ಲಿ ಅದೇ ಮಾತನ್ನು ಮರುಪ್ರಸಾರ ಮಾಡುತ್ತದೆ. ಎರಡು ಮೀಟರ್ ಪಟ್ಟಿಯಲ್ಲಿ, ಅಂದರೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಈ ಎರಡರ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಉದಾಹರಣೆಗೆ ರಿಪೀಟರ್ 145.600ರಲ್ಲಿ ನುಡಿಯುತ್ತಿದ್ದರೆ ನಾವು 145.000ರಲ್ಲಿ ಮಾತಾಡಬೇಕು. ಇದಕ್ಕಾಗಿ 25ನೆಯ ಮೆನು ಎಸ್‌ಎಫ್‌ಟಿ-ಡಿಯಲ್ಲಿ ಕಳೆಯುವ ಚಿಹ್ನೆಯನ್ನೂ 26ನೆಯ ಮೆನು ಆಫ್‌ಸೆಟ್‌ನಲ್ಲಿ 00.600 ಎಂಬ ಅಂಕಿಯನ್ನೂ ಕೊಡಬೇಕು. ಅಂಕಿ ಮೆಗಾಹರ್ಟ್ಸ್‌ನಲ್ಲಿದೆ ಎಂಬುದನ್ನು ಗಮನಿಸದೆ 06.000 ಎಂದು ಒತ್ತಿದವರು ಹವ್ಯಾಸಿ ಪಟ್ಟಿಯಿಂದಲೇ ಹೊರಗೆ, 139.600ರಲ್ಲಿ ಪ್ರಸಾರ ಮಾಡುತ್ತಿರುತ್ತಾರೆ. ಸೆಟ್ಟು ಚಕಾರ ಎತ್ತುವುದಿಲ್ಲ. ಪಿಟಿಟಿ ಒತ್ತಿದಾಗ ಪರದೆಯ ಮೇಲಿನ ಅಂಕಿ ಬದಲಾಗುತ್ತದೆಯೇ, ಬದಲಾಗಿ ಎಲ್ಲಿ ನಿಲ್ಲುತ್ತದೆ ಎಂದು ಒಮ್ಮೆ ಕಣ್ಣಿಟ್ಟು ನೋಡಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಶಿಫ್ಟ್ ಸರಿಯಿದ್ದೂ ರಿಪೀಟರ್ ಮೌನವಾಗಿದ್ದರೆ ಟೋನ್ ನೋಡಬೇಕು. ಹಲವು ರಿಪೀಟರುಗಳು ನಮ್ಮ ಮಾತಿನ ಅಡಿಯಲ್ಲಿ ಕಿವಿಗೆ ಬೀಳದಷ್ಟು ಕೆಳಸ್ಥಾಯಿಯ ಒಂದು ನಾದ, 67.0ರಿಂದ 254.1 ಹರ್ಟ್ಸ್‌ವರೆಗಿನ ಸಿಟಿಸಿಎಸ್ಎಸ್ ಟೋನ್‌ಗಳಲ್ಲಿ ಒಂದು, ಇದ್ದರೆ ಮಾತ್ರ ಬಾಗಿಲು ತೆರೆಯುತ್ತವೆ. ಅದನ್ನು ಕೊಡಬೇಕಾದದ್ದು 13ನೆಯ ಮೆನು ಟಿ-ಸಿಟಿಎಸ್‌ನಲ್ಲಿ. ಆದರೆ ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುವ 11ನೆಯ ಮೆನು ಆರ್-ಸಿಟಿಎಸ್‌ನಲ್ಲಿ ಕೊಟ್ಟುಬಿಟ್ಟರೆ ಅನರ್ಥ ಇಮ್ಮಡಿಯಾಗುತ್ತದೆ: ಪ್ರಸಾರದಲ್ಲಿ ಟೋನ್ ಹೋಗುವುದಿಲ್ಲ, ರಿಪೀಟರ್ ಟೋನ್ ಮರಳಿಸದಿದ್ದರೆ ಇದುವರೆಗೆ ಕೇಳುತ್ತಿದ್ದ ಮಾತೂ ನಿಂತುಹೋಗುತ್ತದೆ.

ಇದೆಲ್ಲ ಸರಿಮಾಡಿ, ರಿಪೀಟರ್ ತೆರೆದು, ಆ ಸಂತೋಷದಲ್ಲಿ ಚಾನೆಲನ್ನು ಮೆಮೊರಿಗೆ ಉಳಿಸಿದ ಮೇಲೆ ಮತ್ತೆ ಅದೇ ಮೌನ ಎದುರಾದರೆ ಅಚ್ಚರಿಪಡಬೇಕಿಲ್ಲ. ಕೀಲಿಗಳಿಂದ ಉಳಿಸುವಾಗ ಈ ಸೆಟ್ಟು ಕೇಳುವ ಆವರ್ತನವನ್ನೂ ಹೇಳುವ ಆವರ್ತನವನ್ನೂ ಎರಡು ಬಾರಿ ಬೇರೆಬೇರೆಯಾಗಿ ಬಯಸುತ್ತದೆ. ಪರದೆಯ ಮೇಲಿನ ಸಾಲಿನಲ್ಲಿ, ಚಾನೆಲ್ ಸಂಖ್ಯೆಯ ಬದಲು ಆವರ್ತನವನ್ನೇ ಒತ್ತುವ ಫ್ರೀಕ್ವೆನ್ಸಿ ವಿಧಾನದಲ್ಲಿ ಇದ್ದುಕೊಂಡು, 27ನೆಯ ಮೆನುವಿನಲ್ಲಿ ಚಾನೆಲ್ ಸಂಖ್ಯೆ ಕೊಟ್ಟು ಒಮ್ಮೆ ಉಳಿಸಬೇಕು. ಆಮೇಲೆ ನಕ್ಷತ್ರದ ಕೀಲಿಯನ್ನು ಚಿಕ್ಕದಾಗಿ ಒತ್ತಿ, ಆವರ್ತನ ತಿರುಗಿದ ಮೇಲೆ, ಅದೇ ಸಂಖ್ಯೆಗೆ ಇನ್ನೊಮ್ಮೆ ಉಳಿಸಬೇಕು. ಒಂದೇ ಬಾರಿ ಉಳಿಸಿದವರ ಚಾನೆಲ್ ಸಿಂಪ್ಲೆಕ್ಸ್ ಆಗಿಯೇ ಉಳಿದು, ಅವರು ರಿಪೀಟರಿನ ಹೊರದನಿಯ ಮೇಲೆಯೇ ಮಾತಾಡುತ್ತಾರೆ. ಮೊದಲೇ ತುಂಬಿರುವ ಸಂಖ್ಯೆಗೆ ಉಳಿಸಬೇಕಿದ್ದರೆ 28ನೆಯ ಮೆನುವಿನಿಂದ ಅದನ್ನು ಅಳಿಸಿಯೇ ಮುಂದುವರಿಯಬೇಕು. ಹೊಸಬರಿಗೆ ಮಾರುವ ಉಪಕರಣದಲ್ಲಿ ಇಂಥ ವಿಧಾನ ಇಟ್ಟಿರುವುದಕ್ಕೆ ಯಾವ ಸಮರ್ಥನೆಯೂ ನನಗೆ ಹೊಳೆಯುವುದಿಲ್ಲ. ಕೇಬಲ್ ಕೊಂಡು ಚರ್ಪ್‌ನಿಂದ ತುಂಬಿಸುವುದೇ ಸುಖ. ಕೇಬಲಿನ ವಿಷಯದಲ್ಲೂ ಎಚ್ಚರ ಬೇಕು: ಅಗ್ಗದ ಹಲವು ಕೇಬಲ್‌ಗಳಲ್ಲಿ ನಕಲಿ ಚಿಪ್ ಇರುತ್ತದೆ, ವಿಂಡೋಸ್‌ನ ಹೊಸ ಚಾಲಕ ತಂತ್ರಾಂಶ ಅದನ್ನು ನಿರಾಕರಿಸುತ್ತದೆ; ಎಫ್‌ಟಿಡಿಐ ಚಿಪ್ಪಿನ ಕೇಬಲಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಆ ತಲೆನೋವು ಇರುವುದಿಲ್ಲ.

ಮೇಲೆ ಹೇಳಿದ ನಕ್ಷತ್ರದ ಕೀಲಿ ಜೇಬಿನಲ್ಲಿ ತಾನಾಗಿ ಒತ್ತಿಹೋಗುವುದೂ ಉಂಟು. ಆಗ ಪರದೆಯಲ್ಲಿ ಆರ್ ಅಕ್ಷರ ಮೂಡಿ, ಕೇಳುವ ಮತ್ತು ಹೇಳುವ ಆವರ್ತನಗಳು ಅದಲುಬದಲಾಗಿರುತ್ತವೆ. ಏಳನೆಯ ಮೆನು ಟಿಡಿಆರ್ ಇನ್ನೂ ಮೋಸದ್ದು. ಎರಡು ಚಾನೆಲ್‌ಗಳಿಗೆ ಒಟ್ಟಿಗೆ ಕಿವಿಗೊಡುವ ಈ ಸೌಲಭ್ಯ ಆನ್ ಇದ್ದಾಗ, ಕೆಳಗಿನ ಸಾಲಿನಲ್ಲಿ ಯಾರಾದರೂ ಮಾತಾಡಿದ ಬೆನ್ನಿಗೇ ಪಿಟಿಟಿ ಒತ್ತಿದರೆ ನಮ್ಮ ಉತ್ತರ ಆ ಚಾನೆಲ್‌ಗೆ ಹೋಗಬಹುದು. ಮೇಲಿನ ಸಾಲಿನ ಗೆಳೆಯನಿಗೆ ಕೊಟ್ಟ ಮಾರುತ್ತರ ಅವನಿಗೆ ತಲುಪುವುದೇ ಇಲ್ಲ. ಮರುಗಳಿಗೆ ಎಲ್ಲ ಸರಿಹೋಗುತ್ತದೆ. ಆಗಾಗ ಮಾತ್ರ ಕಾಣಿಸಿಕೊಳ್ಳುವ ಇಂಥ ದೋಷವನ್ನೇ ಜನ ಯಂತ್ರದ ಕೇಡೆಂದು ನಂಬುವುದು. ರಿಪೀಟರ್ ಬಳಕೆ ಕೈಗೆ ಹತ್ತುವವರೆಗೆ ಟಿಡಿಆರ್ ಆಫ್ ಇರಲಿ.

ಸಂಕೇತ ಮುಟ್ಟುತ್ತಿದೆ, ಮಾತು ತಿಳಿಯುತ್ತಿಲ್ಲ ಎಂಬ ವರದಿ ಬಂದರೆ ಕಾರಣ ಧ್ವನಿಯದು. ಸಂಕೇತದ ಅಗಲವನ್ನು ನಿರ್ಧರಿಸುವ ಐದನೆಯ ಮೆನು ಡಬ್ಲ್ಯುಎನ್ ‘ನ್ಯಾರೋ’ ಎಂದಿದ್ದರೆ, ವೈಡ್‌ನಲ್ಲಿ ಕೇಳುತ್ತಿರುವ ರಿಪೀಟರಿಗೆ ನಮ್ಮ ದನಿ ಗುಹೆಯೊಳಗಿನ ಪಿಸುಮಾತಿನಂತೆ ಕೇಳುತ್ತದೆ. ಮೈಕಿನ ರಂಧ್ರ ಮುಂಭಾಗದಲ್ಲಿ ಸೂಜಿಮೊನೆಯಷ್ಟಿದೆ. ಅಗ್ಗದ ಸಿಲಿಕಾನ್ ಕವಚಗಳು ಅದನ್ನು ಮುಚ್ಚಿಬಿಡಬಹುದು. ತುಟಿಗೆ ತಾಗಿಸಿ ಕೂಗುವುದಕ್ಕಿಂತ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ, ತುಸು ಓರೆಯಾಗಿ ಹಿಡಿದು ಎಂದಿನ ದನಿಯಲ್ಲಿ ಮಾತಾಡುವುದು ಸರಿ. ಪಿಟಿಟಿ ಒತ್ತಿದೊಡನೆಯೇ ಮಾತು ಆರಂಭಿಸಿದರೆ ರಿಪೀಟರ್ ಎಚ್ಚರಗೊಳ್ಳುವ ಮೊದಲೇ ಕರೆಸಂಕೇತದ ಅರ್ಧ ಕಳೆದುಹೋಗಿರುತ್ತದೆ. ಹಾಗೆಯೇ ಮಾತು ಮುಗಿದಾಗ ಹೊರಡುವ 39ನೆಯ ಮೆನುವಿನ ರೋಜರ್ ಸದ್ದನ್ನೂ, ಗುಂಡಿ ಒತ್ತಿದಾಗ ಇಲ್ಲವೇ ಬಿಟ್ಟಾಗ ಗುರುತಿನ ಸದ್ದು ಕಳಿಸುವ 19ನೆಯ ಮೆನುವಿನ ಪಿಟಿಟಿ-ಐಡಿಯನ್ನೂ ಆಫ್ ಮಾಡದವರು ಇಡೀ ಊರಿನ ಹ್ಯಾಮ್‌ಗಳ ಕಿರಿಕಿರಿಗೆ ಗುರಿಯಾಗುತ್ತಾರೆ. ಅದನ್ನು ಯಾರೂ ಮುಖಕ್ಕೆ ಹೇಳುವುದಿಲ್ಲ, ಅಷ್ಟೆ.

ಇದಕ್ಕೆ ವಿರುದ್ಧವಾದ ಕಾಯಿಲೆಯೂ ಇದೆ: ಕೈಬಿಟ್ಟರೂ ಪ್ರಸಾರ ನಿಲ್ಲದಿರುವುದು. ನಾಲ್ಕನೆಯ ಮೆನು ವಾಕ್ಸ್ ಆನ್ ಆಗಿದ್ದರೆ ಫ್ಯಾನಿನ ಸದ್ದಿಗೂ ಸೆಟ್ಟು ಬಾಯಿ ತೆರೆಯುತ್ತದೆ. ಇಯರ್‌ಫೋನಿನ ಎರಡು ಪಿನ್ನುಗಳು ಪೂರ್ತಿ ಒಳಗೆ ಕೂರದಿದ್ದರೂ ಪಿಟಿಟಿ ಒತ್ತಿದಂತಾಗಿ ಅಂಟಿಕೊಳ್ಳುತ್ತದೆ. ಅಥವಾ ಒಳಗಿನ ಮೈಕು ಸಂಪರ್ಕ ಕಡಿದುಕೊಂಡು, ದನಿಯಿಲ್ಲದ ಸಂಕೇತ ಮಾತ್ರ ಹೊರಡುತ್ತದೆ. ಹೊರಗಿನ ಮೈಕಿನ ತಂತಿ ಆಂಟೆನಾಕ್ಕೆ ತೀರ ಹತ್ತಿರವಿದ್ದು ಹೆಚ್ಚಿನ ಶಕ್ತಿಯಲ್ಲಿ ಪ್ರಸಾರ ಮಾಡಿದಾಗ, ನಮ್ಮದೇ ರೇಡಿಯೊ ಶಕ್ತಿ ತಂತಿಗೆ ನುಗ್ಗಿ ಸೆಟ್ಟನ್ನು ಒತ್ತಿಹಿಡಿದಂತೆ ಮಾಡುವುದೂ ತಿಳಿದ ಸಂಗತಿಯೇ. ಶಕ್ತಿಯನ್ನು 1 ವಾಟಿಗೆ ಇಳಿಸಿದಾಗ ತೊಂದರೆ ಮಾಯವಾದರೆ ಕಾರಣ ಇದೇ ಎಂದು ತಿಳಿಯಬಹುದು. ತಂತಿಗೆ ಫೆರೈಟ್ ಮಣಿ ಸಿಕ್ಕಿಸಿದರೆ ಉಪಶಮನವಾಗುತ್ತದೆ. ಒಂಬತ್ತನೆಯ ಮೆನುವಿನ ಸಮಯಮಿತಿಯನ್ನು ಒಂದು ನಿಮಿಷದ ಆಸುಪಾಸಿನಲ್ಲಿ ಇಟ್ಟರೆ, ಏನೇ ಆದರೂ ರಿಪೀಟರ್ ಗಂಟೆಗಟ್ಟಲೆ ಸೆರೆಯಾಗುವುದು ತಪ್ಪುತ್ತದೆ.

ಇಷ್ಟೆಲ್ಲ ಆದ ಮೇಲೂ ದೂರ ಮುಟ್ಟುವುದಿಲ್ಲ ಎನ್ನುವವರಿಗೆ ‘8 ವಾಟ್’ ಎಂದು ಬರೆದ ಸೆಟ್ಟು ಕೊಳ್ಳಿರಿ ಎಂದು ಮಾರಾಟಗಾರರು ಹೇಳುತ್ತಾರೆ. ಅದಕ್ಕೆ ಹಣ ಸುರಿಯಬೇಡಿ. ನಾಲ್ಕು ವಾಟಿನಿಂದ ಒಂದು ವಾಟಿಗೆ ಇಳಿದರೆ ಆಗುವ ನಷ್ಟ 6 ಡೆಸಿಬೆಲ್, ಅಂದರೆ ಕೇಳುವವರ ಸಂಕೇತಬಲದ ಮೀಟರಿನಲ್ಲಿ ಒಂದೇ ಒಂದು ಗೆರೆ (ಎಸ್ ಅಂಶ). ನಾಲ್ಕರಿಂದ ಎಂಟಕ್ಕೆ ಏರಿದರೆ ಸಿಗುವುದು ಅದರರ್ಧ. ವಿಎಚ್ಎಫ್ ಬಹುಮಟ್ಟಿಗೆ ನೇರ ದೃಷ್ಟಿಯ ಹಾದಿಯಲ್ಲಿ ಸಾಗುತ್ತದೆ. ನೆಲದ ಮೇಲೆ ನಿಂತವರ ರೇಡಿಯೊ ದಿಗಂತ ಸುಮಾರು 5 ಕಿಲೋಮೀಟರ್. 10 ಮೀಟರ್ ಎತ್ತರದ ತಾರಸಿಯಲ್ಲಿ ಅದು 13ಕ್ಕೆ ಏರುತ್ತದೆ. ಬೆಂಗಳೂರಿನ ನೆಲಮಟ್ಟಕ್ಕಿಂತ 500 ಮೀಟರಿಗೂ ಎತ್ತರದಲ್ಲಿರುವ ನಂದಿಬೆಟ್ಟದ ತಲೆಯಿಂದ 90 ಕಿಲೋಮೀಟರನ್ನೂ ದಾಟುತ್ತದೆ. ಮಲೆನಾಡಿನ ಕಣಿವೆಯೊಳಗೆ ನಿಂತು ಎಷ್ಟು ವಾಟ್ ಸುರಿದರೂ ಎದುರಿನ ಗುಡ್ಡ ಅಲುಗುವುದಿಲ್ಲ. ಜೊತೆಗೆ ಬರುವ ಗಿಡ್ಡ ಆಂಟೆನಾವನ್ನು ಬದಲಿಸಿ ಸುಮಾರು 40 ಸೆಂಟಿಮೀಟರಿನ ಚಾವಟಿ ಆಂಟೆನಾ ಹಾಕುವುದು, ಇಲ್ಲವೇ ಆಂಟೆನಾದ ಬುಡದ ಹೊರಕವಚಕ್ಕೆ 50 ಸೆಂಟಿಮೀಟರಿನ, ಅಂದರೆ ಕಾಲು ತರಂಗದುದ್ದದ, ಒಂದು ತಂತಿಯನ್ನು ತೂಗಬಿಡುವುದು ಎಂಟು ವಾಟಿಗಿಂತ ಹೆಚ್ಚು ಫಲ ಕೊಡುತ್ತದೆ. ನಾಗೋಯಾ ಹೆಸರಿನ ಆಂಟೆನಾಗಳಿಗೆ ನಕಲುಗಳು ಹೇರಳ, ನೋಡಿ ಕೊಳ್ಳಬೇಕು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರಿನಲ್ಲಿ ಮಾತಾಡುವ ಆಸೆ ಇರುವವರು ಇನ್ನೊಂದು ಮಿತಿಯನ್ನು ತಿಳಿದಿರಬೇಕು. ಅದು 145.990ರಲ್ಲಿ 67 ಹರ್ಟ್ಸ್ ಟೋನಿನೊಡನೆ ಕೇಳಿ 437.800ರಲ್ಲಿ ನುಡಿಯುತ್ತದೆ. ಈ ಎರಡನ್ನೂ ಯುವಿ-5ಆರ್‌ನಲ್ಲಿ ತುಂಬಿಸಬಹುದು, ಆದರೆ ಪ್ರಸಾರ ಮಾಡುವಾಗ ಸೆಟ್ಟು ಕೇಳಲಾರದು. ನಮ್ಮ ಮಾತು ನಿಲ್ದಾಣ ಮುಟ್ಟಿತೇ ಎಂಬುದು ನಮಗೆ ಆಗಲೇ ತಿಳಿಯುವುದಿಲ್ಲ. ನಿಲ್ದಾಣದ ವೇಗದಿಂದಾಗುವ ಡಾಪ್ಲರ್ ಪರಿಣಾಮದಿಂದ ಕೆಳಬರುವ ಆವರ್ತನ 10 ಕಿಲೋಹರ್ಟ್ಸ್‌ನಷ್ಟು ಮೇಲೆ ಕೆಳಗೆ ಸರಿಯುವುದರಿಂದ ನಾಲ್ಕೈದು ಚಾನೆಲ್‌ಗಳನ್ನು ಸಾಲಾಗಿ ಸಿದ್ಧಮಾಡಿಕೊಂಡಿರಬೇಕು.

ಪ್ರಸಾರದ ಶುದ್ಧತೆಯ ಬಗ್ಗೆ ಈ ಸೆಟ್ಟಿಗೆ ನಾನು ಪೂರ್ಣ ಅಂಕ ಕೊಡಲಾರೆ. ಅಮೆರಿಕದ ಹ್ಯಾಮ್ ಸಂಸ್ಥೆ ಎಆರ್‌ಆರ್‌ಎಲ್ ಪರೀಕ್ಷಿಸಿದ ಬಾವ್‌ಫೆಂಗ್ ಸೆಟ್ಟುಗಳಲ್ಲಿ ಹಲವು ಆ ದೇಶದ ಮಿತಿಯನ್ನು ದಾಟಿದ ಅನಗತ್ಯ ಸಂಕೇತಗಳನ್ನು ಹೊರಹಾಕುತ್ತಿದ್ದವು. ಅನುಮತಿಯ ಹೊರಗಿನ ಆವರ್ತನಗಳಲ್ಲೂ ಪ್ರಸಾರ ಮಾಡಬಲ್ಲದೆಂಬ ಕಾರಣಕ್ಕೆ ಇದೇ ಸೆಟ್ಟಿನ ಒಂದು ಆವೃತ್ತಿಯ ಮಾರಾಟಗಾರರಿಗೆ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2018ರಲ್ಲಿ ನೋಟಿಸು ಕೊಟ್ಟಿತ್ತು. 145 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದಾಗ ಮೂರನೆಯ ಹಾರ್ಮೋನಿಕ್, ಅಂದರೆ ಮೂರು ಪಟ್ಟು ಆವರ್ತನದ ಅನಗತ್ಯ ಸಂಕೇತ, 435 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನಮ್ಮದೇ ಇನ್ನೊಂದು ಪಟ್ಟಿಯ ಒಳಗೆ ಬೀಳುತ್ತದೆ. ಎತ್ತರದ ಹೊರಾಂಗಣ ಆಂಟೆನಾಕ್ಕೆ ಈ ಸೆಟ್ಟನ್ನು ಜೋಡಿಸುವವರು ನಡುವೆ ಮೇಲಿನ ಆವರ್ತನಗಳನ್ನು ತಡೆಯುವ ಒಂದು ಲೋ-ಪಾಸ್ ಫಿಲ್ಟರ್ ಇಡುವುದು ನೆರೆಹೊರೆಯವರ ಹಿತಕ್ಕೆ ಒಳ್ಳೆಯದು. ಸೆಟ್ಟಿನ ಗಿಡ್ಡ ಆಂಟೆನಾದಲ್ಲಿ ಈ ಹಾರ್ಮೋನಿಕ್‌ನ ಉಪದ್ರವ ಅಷ್ಟಾಗಿ ಕಾಣುವುದಿಲ್ಲ.

ಹಣ ಇರುವವರು ಯೇಸು (Yaesu) ಕಂಪನಿಯ ಎಫ್‌ಟಿ-65ರಂಥ ಸೆಟ್ಟಿಗೆ ಹೋದರೆ ಮೆನುವಿನ ಗೋಜಲು ಬಹಳ ಕಡಿಮೆಯಾಗುತ್ತದೆ. ವಿದ್ಯಾರ್ಥಿಗಳಿಗೂ, ಹವ್ಯಾಸ ತಮಗೆ ಒಗ್ಗುತ್ತದೆಯೇ ಎಂದು ನೋಡಬಯಸುವವರಿಗೂ ಯುವಿ-5ಆರ್ ಸಾಕು. ಆದರೆ ಕೇಬಲ್ ಮತ್ತು ಒಂದು ಒಳ್ಳೆಯ ಆಂಟೆನಾದ ಬೆಲೆಯನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಎಲ್ಲ ಮೆನುಗಳೂ ಸರಿಯಿದ್ದು, ತುಂಬಿದ ಬ್ಯಾಟರಿಯಲ್ಲಿ ಡಮ್ಮಿ ಲೋಡಿನ ಮೇಲೂ ಅರ್ಧ ವಾಟ್ ಬಾರದಿದ್ದರೆ ಕೊನೆಯ ಹಂತದ ಟ್ರಾನ್ಸಿಸ್ಟರ್ ಹೋಗಿದೆ ಎಂದು ಊಹಿಸಬಹುದು. ಅದನ್ನು ಬಿಸಿಗಾಳಿಯ ಸಾಧನದಿಂದ ಬಿಡಿಸಿ ಕೂರಿಸುವ ಕೂಲಿ ಹೊಸ ಸೆಟ್ಟಿನ ಬೆಲೆಗೆ ಹತ್ತಿರವಾಗುವುದರಿಂದ ರಿಪೇರಿಗೆ ಓಡಾಡುವುದು ವ್ಯರ್ಥ. ಗ್ರಹಣ ಸರಿಯಿರುವ ಅಂಥ ಸೆಟ್ಟನ್ನು 145.825ರಲ್ಲಿ ಇಟ್ಟು ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್ (ಡಿಜಿಟಲ್ ಸಂದೇಶ) ಸಂಕೇತಗಳನ್ನು ಹಿಡಿಯಲು ಬಳಸಬಹುದು. ಆ ಕೆಲಸಕ್ಕೆ ಪಿಟಿಟಿ ಬೇಕಿಲ್ಲ.